ಇಂಟರ್ನ್‌ಶಿಪ್ ದಿನಚರಿ: ಹಂಚಿ ಓದುವ ಬರಹ ಮತ್ತು ಅದರ ಮೌಲ್ಯಮಾಪನ

ಪೀಠಿಕೆ

ಶಾಲಾ ಇಂಟರ್ನ್‌ಶಿಪ್ ಮುಗಿಸಿ ಕಾಲೇಜಿಗೆ ಮರಳುವ ಬಿ.ಎಡ್. ಪ್ರಶಿಕ್ಷಣಾರ್ಥಿಯ ಕೈಯಲ್ಲಿ ಹಲವು ದಾಖಲೆಗಳಿರುತ್ತವೆ: ಪಾಠ ಯೋಜನೆಗಳು, ವೀಕ್ಷಣಾ ಪುಸ್ತಕ, ಘಟಕ ಪರೀಕ್ಷೆಯ ವಿಶ್ಲೇಷಣೆ, ಕ್ರಿಯಾ ಸಂಶೋಧನೆಯ ವರದಿ. ಇವುಗಳ ಜೊತೆಗೆ ಪ್ರತಿಫಲನಾತ್ಮಕ ದಿನಚರಿಯೂ ಒಂದು. ಮೊದಲ ನಾಲ್ಕನ್ನೂ ನಾವು ಪುಟ ತಿರುಗಿಸಿ ನೋಡುತ್ತೇವೆ, ಪ್ರಶ್ನೆ ಕೇಳುತ್ತೇವೆ. ದಿನಚರಿಯನ್ನು ಮಾತ್ರ ಸಾಮಾನ್ಯವಾಗಿ ಎಣಿಸುತ್ತೇವೆ. ಎಷ್ಟು ದಿನ ಬರೆದಿದ್ದಾರೆ, ಸಹಿ ಇದೆಯೇ, ಅಕ್ಷರ ಅಂದವಾಗಿದೆಯೇ ಎಂದು ನೋಡಿ ಅಂಕ ಹಾಕುತ್ತೇವೆ.

ಅಂಥ ದಿನಚರಿಯ ಒಂದು ಪುಟ ಹೀಗಿರುತ್ತದೆ: “ಇಂದಿನ ಪಾಠವು ಚೆನ್ನಾಗಿ ನಡೆಯಿತು. ವಿದ್ಯಾರ್ಥಿಗಳು ಉತ್ಸಾಹದಿಂದ ಭಾಗವಹಿಸಿದರು. ಸಮಯ ಸ್ವಲ್ಪ ಸಾಲಲಿಲ್ಲ. ಮುಂದಿನ ಪಾಠದಲ್ಲಿ ಸರಿಪಡಿಸಿಕೊಳ್ಳುತ್ತೇನೆ.” ದಿನಾಂಕ ಬದಲಿಸಿದರೆ ಇದೇ ನಾಲ್ಕು ವಾಕ್ಯಗಳು ಯಾವ ತರಗತಿಗೂ, ಯಾವ ವಿಷಯಕ್ಕೂ ಹೊಂದುತ್ತವೆ. ಇದರಲ್ಲಿ ಸುಳ್ಳಿಲ್ಲ, ಆದರೆ ಕಲಿಕೆಯೂ ಇಲ್ಲ.

ಗಣಿತ ಬೋಧನಾ ವಿಧಾನವನ್ನು ಕಲಿಸುವ ನಾನು ಕಳೆದ ಎರಡು ತಂಡಗಳೊಂದಿಗೆ ಈ ದಿನಚರಿಯನ್ನು ಬೇರೆ ರೀತಿಯಲ್ಲಿ ನಡೆಸಿದ್ದೇನೆ. ಬರಹಕ್ಕೆ ಸಹಪಾಠಿಗಳನ್ನೇ ಓದುಗರನ್ನಾಗಿ ಮಾಡಿದೆ. ಅಂಕವನ್ನು ಬರಹದ ಅಂದಕ್ಕಾಗಲಿ, ತಪ್ಪೊಪ್ಪಿಗೆಗಾಗಲಿ ಕೊಡದೆ, ಆ ಬರಹದಿಂದ ಮುಂದಿನ ಪಾಠದಲ್ಲಿ ಏನು ಬದಲಾಯಿತು ಎಂಬುದಕ್ಕೆ ಕೊಟ್ಟೆ. ಈ ಎರಡು ಬದಲಾವಣೆಗಳು ಒಟ್ಟಿಗೆ ಬಂದಾಗ ಮಾತ್ರ ದಿನಚರಿ ಕಲಿಕೆಯ ಸಾಧನವಾಗುತ್ತದೆ ಎಂಬುದು ನನ್ನ ಅನುಭವ. ಅದರ ವಿವರವನ್ನು ಇಲ್ಲಿ ನೀಡಿದ್ದೇನೆ.

ಬರಹ ಏಕೆ ಸಪ್ಪೆಯಾಗುತ್ತದೆ?

ಪ್ರಶಿಕ್ಷಣಾರ್ಥಿಗಳು ಸೋಮಾರಿಗಳು ಎಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ಆದರೆ ಅವರ ಸ್ಥಾನದಲ್ಲಿ ನಿಂತು ನೋಡಿದರೆ ಸಪ್ಪೆ ಬರಹವೇ ಜಾಣತನ ಎನಿಸುತ್ತದೆ. ಈ ಪುಟವನ್ನು ಓದುವವರು ಒಬ್ಬರೇ, ಅಂಕ ಕೊಡುವ ಉಪನ್ಯಾಸಕರು. ಅವರೂ ಓದುವುದು ಇಂಟರ್ನ್‌ಶಿಪ್ ಮುಗಿದ ಮೇಲೆ, ರಾಶಿಯ ನಡುವೆ. ತರಗತಿ ಕೈತಪ್ಪಿದ್ದನ್ನು ಬರೆದರೆ ತನ್ನ ವಿರುದ್ಧ ತಾನೇ ಸಾಕ್ಷಿ ಹೇಳಿದಂತಾಗುತ್ತದೆ. ಬರೆಯದಿದ್ದರೆ ನಷ್ಟವೇನೂ ಇಲ್ಲ.

ಇದಕ್ಕೆ ಪರಿಹಾರವೆಂದು “ನಿಮ್ಮ ದೋಷಗಳನ್ನು ಪ್ರಾಮಾಣಿಕವಾಗಿ ಬರೆಯಿರಿ” ಎಂದು ಹೇಳಿದರೆ ಇನ್ನೊಂದು ತೊಂದರೆ ಹುಟ್ಟುತ್ತದೆ. ಆಗ ಪ್ರತಿ ಪುಟದಲ್ಲೂ ದೋಷಗಳ ಪಟ್ಟಿ ಬರುತ್ತದೆ: ಧ್ವನಿ ಸಣ್ಣದಾಗಿತ್ತು, ಕಪ್ಪುಹಲಗೆಯ ಬರಹ ಸೊಟ್ಟಗಿತ್ತು, ಆತ್ಮವಿಶ್ವಾಸ ಕಡಿಮೆಯಿತ್ತು. ಓದುವವರಿಗೆ ಬೇಕಾದದ್ದನ್ನು ಕೊಡುವ ಅಭ್ಯಾಸ ಹಾಗೆಯೇ ಉಳಿಯುತ್ತದೆ. ಎರಡೂ ಬಗೆಯ ಬರಹದಲ್ಲಿ ಕಾಣೆಯಾಗುವುದು ಒಂದೇ, ತರಗತಿಯಲ್ಲಿ ಕುಳಿತಿದ್ದ ಮಗು.

ಚಿಂತಕರು ಹೇಳಿದ್ದು

1910ರಲ್ಲಿ ಪ್ರಕಟವಾದ ‘ಹೌ ವಿ ಥಿಂಕ್’ ಕೃತಿಯಲ್ಲಿ ಜಾನ್ ಡ್ಯೂಯಿ, ಗೊಂದಲ ಅಥವಾ ತೊಡಕು ಎದುರಾದಾಗಲೇ ಚಿಂತನೆ ಆರಂಭವಾಗುತ್ತದೆ ಎಂದು ವಿವರಿಸಿದರು. ತೊಡಕೇ ಇಲ್ಲದ ಪುಟದಲ್ಲಿ ಚಿಂತನೆಗೂ ಜಾಗವಿಲ್ಲ. 1983ರಲ್ಲಿ ಡೊನಾಲ್ಡ್ ಶೋನ್ ವೃತ್ತಿನಿರತರ ಚಿಂತನೆಯಲ್ಲಿ ಎರಡು ಬಗೆಗಳನ್ನು ಗುರುತಿಸಿದರು: ಕೆಲಸ ನಡೆಯುತ್ತಿರುವಾಗಲೇ ಮಾಡುವ ಚಿಂತನೆ, ಕೆಲಸ ಮುಗಿದ ಮೇಲೆ ಮಾಡುವ ಚಿಂತನೆ. ನಮ್ಮ ದಿನಚರಿ ಎರಡನೆಯ ಬಗೆಗೆ ಸೇರಿದ್ದು. ಅದು ಬೆಳೆದರೆ ಮೊದಲನೆಯದಕ್ಕೂ ಬಲ ಬರುತ್ತದೆ ಎಂಬುದು ನಮ್ಮ ನಿರೀಕ್ಷೆ.

ಮೌಲ್ಯಮಾಪನಕ್ಕೆ ನನಗೆ ಹೆಚ್ಚು ನೆರವಾದದ್ದು ಹ್ಯಾಟನ್ ಮತ್ತು ಸ್ಮಿತ್ 1995ರಲ್ಲಿ ಪ್ರಶಿಕ್ಷಣಾರ್ಥಿಗಳ ಬರಹಗಳನ್ನು ಅಧ್ಯಯನ ಮಾಡಿ ಮಾಡಿದ ವಿಂಗಡಣೆ. ನಡೆದದ್ದನ್ನು ಬರಿದೇ ವಿವರಿಸುವ ಬರಹ, ವಿವರದೊಡನೆ ಕಾರಣವನ್ನೂ ಕೊಡುವ ಬರಹ, ಬೇರೆ ಸಾಧ್ಯತೆಗಳನ್ನು ಎದುರಿಟ್ಟು ತನ್ನೊಡನೆಯೇ ಸಂವಾದ ನಡೆಸುವ ಬರಹ, ಸಮಾಜ ಮತ್ತು ವ್ಯವಸ್ಥೆಯ ಹಿನ್ನೆಲೆಯಲ್ಲಿ ಘಟನೆಯನ್ನು ವಿಮರ್ಶಿಸುವ ಬರಹ ಎಂಬುವು ಆ ನಾಲ್ಕು ಬಗೆಗಳು. ನಮ್ಮ ಹೆಚ್ಚಿನ ದಿನಚರಿಗಳು ಮೊದಲ ಬಗೆಯಲ್ಲೇ ನಿಲ್ಲುತ್ತವೆ. ಮೂರನೆಯ ಬಗೆಗೆ ಏರಲು ಎದುರಿಗೊಬ್ಬ ಓದುಗ ಬೇಕು ಎನಿಸಿದ್ದರಿಂದಲೇ ಹಂಚಿ ಓದುವ ಕ್ರಮವನ್ನು ಆರಿಸಿಕೊಂಡೆ.

ನಮ್ಮ ದೇಶದಲ್ಲೇ ಒಳ್ಳೆಯ ಮಾದರಿಯಿದೆ. ಗಿಜುಭಾಯಿ ಬಧೇಕಾ ಅವರು ಗುಜರಾತಿಯಲ್ಲಿ ಬರೆದ ‘ದಿವಾಸ್ವಪ್ನ’ದಲ್ಲಿ ಒಬ್ಬ ಕಲ್ಪಿತ ಶಿಕ್ಷಕ ನಾಲ್ಕನೇ ತರಗತಿಯಲ್ಲಿ ತಾನು ಮಾಡಿದ ಪ್ರಯೋಗಗಳನ್ನು ಹೇಳುತ್ತಾನೆ. ಯೋಚಿಸಿದ್ದೊಂದು, ಆದದ್ದೊಂದು, ಮರುದಿನ ಬದಲಿಸಿದ್ದು ಇನ್ನೊಂದು ಎಂಬ ಕ್ರಮದಲ್ಲಿ ಅದು ಸಾಗುತ್ತದೆ. ಇಂಟರ್ನ್‌ಶಿಪ್‌ಗೆ ಹೋಗುವ ಮುನ್ನ ನಮ್ಮ ತಂಡದವರು ಅದರ ಕೆಲವು ಭಾಗಗಳನ್ನು ಓದಿ ಚರ್ಚಿಸುತ್ತಾರೆ.

ನಡೆಸಿದ ಬಗೆ

2014ರ ಎನ್‌ಸಿಟಿಇ ನಿಯಮಾವಳಿಯಂತೆ ಬಿ.ಎಡ್. ಎರಡು ವರ್ಷದ ಕೋರ್ಸ್ ಆಯಿತು, ಇಂಟರ್ನ್‌ಶಿಪ್ 20 ವಾರಗಳದ್ದಾಯಿತು. ಒಂದು ಬರಹ ಮತ್ತೊಂದಕ್ಕೆ ದಾರಿ ಮಾಡಿಕೊಡಲು ಬೇಕಾದಷ್ಟು ಸಮಯ ಇದರಲ್ಲಿದೆ. ಎರಡನೇ ವರ್ಷದ ದೀರ್ಘ ಅವಧಿಯಲ್ಲಿ ನಾನು ಅನುಸರಿಸಿದ ಕ್ರಮ ಹೀಗಿದೆ.

1. ದಿನಚರಿ ಎಂಬ ಹೆಸರಿದ್ದರೂ ಬರೆಯಬೇಕಾದದ್ದು ವಾರಕ್ಕೆ ಒಂದು ಪುಟ. ದಿನವೂ ಬರೆಯಲು ಹೇಳಿದರೆ ಶನಿವಾರ ಕುಳಿತು ಆರು ದಿನದ್ದನ್ನೂ ತುಂಬುತ್ತಾರೆ.

2. ಪುಸ್ತಕದ ಬದಲು ಬಿಡಿ ಹಾಳೆ ಮತ್ತು ಫೈಲು. ಹಾಳೆಯ ಎಡಭಾಗದ ಮೂರನೇ ಒಂದು ಭಾಗ ಖಾಲಿ. ಅದು ಓದುಗರ ಜಾಗ.

3. ಬೇರೆ ಬೇರೆ ಶಾಲೆಗಳಲ್ಲಿರುವ ನಾಲ್ವರ ಒಂದು ಗುಂಪು. ಶನಿವಾರ ಬೆಳಗಿನ ಶಾಲೆ ಮುಗಿಸಿ ಕಾಲೇಜಿಗೆ ಬಂದಾಗ ಹಾಳೆಗಳು ಕೈ ಬದಲಾಗುತ್ತವೆ. ಮುಕ್ಕಾಲು ಗಂಟೆ ಮೌನವಾಗಿ ಓದು, ಬರಹ. ನಂತರ ಮಾತು.

4. ಬರಹದಲ್ಲಿ ಒಂದೇ ಘಟನೆ ಇರಬೇಕು. ಒಬ್ಬ ವಿದ್ಯಾರ್ಥಿಯಾದರೂ ಹೇಳಿದ ಅಥವಾ ಬರೆದ ಮಾತು ಇದ್ದ ಹಾಗೆಯೇ ಅದರಲ್ಲಿರಬೇಕು.

5. ಓದುಗರು “ಚೆನ್ನಾಗಿದೆ”, “ಸೂಪರ್” ಎಂದು ಬರೆಯುವಂತಿಲ್ಲ. ತಮಗೆ ಹೊಸದಾಗಿ ಕಂಡ ಒಂದು ವಿವರಕ್ಕೆ ಅಡಿಗೆರೆ ಎಳೆಯಬೇಕು ಮತ್ತು ಒಂದು ಪ್ರಶ್ನೆ ಕೇಳಬೇಕು. ಸಲಹೆ ಕೊಡುವುದು ಕಡ್ಡಾಯವಲ್ಲ, ಪ್ರಶ್ನೆ ಕಡ್ಡಾಯ.

6. ಮುಂದಿನ ವಾರದ ಬರಹ ಹಿಂದಿನ ವಾರದ ಯಾವುದಾದರೂ ಒಂದು ಪ್ರಶ್ನೆಯನ್ನು ಎತ್ತಿಕೊಳ್ಳಬೇಕು.

ಐದನೆಯ ನಿಯಮ ಮೊದಮೊದಲು ಎಲ್ಲರಿಗೂ ಕಷ್ಟವಾಯಿತು. ಗೆಳತಿಯ ಪುಟದಲ್ಲಿ ಪ್ರಶ್ನೆ ಬರೆಯುವುದೆಂದರೆ ತಪ್ಪು ಹುಡುಕಿದಂತೆ ಎಂಬ ಸಂಕೋಚ. “ಏಕೆ ಹಾಗೆ ಮಾಡಿದಿರಿ?” ಎಂಬುದರ ಬದಲು “ಆಗ ಮಕ್ಕಳು ಏನು ಮಾಡುತ್ತಿದ್ದರು?” ಎಂದು ಕೇಳಲು ಕಲಿತ ಮೇಲೆ ಆ ಸಂಕೋಚ ಕರಗಿತು. ಪ್ರಶ್ನೆ ಶಿಕ್ಷಕಿಯಿಂದ ಮಕ್ಕಳ ಕಡೆಗೆ ತಿರುಗಿತು.

ಒಂದು ಬರಹ ಬೆಳೆದ ಬಗೆ

ಪ್ರೌಢಶಾಲೆಯೊಂದರ 8ನೇ ತರಗತಿಯಲ್ಲಿ ಭಾಗಲಬ್ಧ ಸಂಖ್ಯೆಗಳ ಪಾಠ ಆರಂಭಿಸಿದ ಪ್ರಶಿಕ್ಷಣಾರ್ಥಿಯೊಬ್ಬರು ಬರೆದದ್ದರ ಸಾರ ಇದು: ಪೂರ್ವಜ್ಞಾನ ಪರೀಕ್ಷೆಗೆ 1/2 + 1/3 ಕೊಟ್ಟೆ. ಮುಂದಿನ ಬೆಂಚಿನ ಹುಡುಗಿ 5/6 ಎಂದಳು. ಸರಿ ಎಂದು ಹೇಳಿ ಪಾಠಕ್ಕೆ ಹೋದೆ. ಕೊನೆಗೆ ನೋಟ್‌ಬುಕ್ ನೋಡಿದಾಗ ಏಳು ಮಂದಿ 2/5 ಎಂದು ಬರೆದಿದ್ದರು. ಲ.ಸಾ.ಅ. ತೆಗೆಯುವ ವಿಧಾನವನ್ನು ಮತ್ತೊಮ್ಮೆ ಹೇಳಿಕೊಟ್ಟೆ.

ಎಡಭಾಗದಲ್ಲಿ ಇಬ್ಬರು ಸಹಪಾಠಿಗಳು ಎರಡು ಪ್ರಶ್ನೆ ಬರೆದರು. “ಆ ಏಳು ಮಂದಿಗೆ 2/5 ಹೇಗೆ ಬಂತು ಅಂತ ಅವರನ್ನೇ ಕೇಳಿದಿರಾ?” ಎಂಬುದು ಮೊದಲನೆಯದು. “2/5 ಅರ್ಧಕ್ಕಿಂತ ಚಿಕ್ಕದಲ್ಲವೇ? ಅರ್ಧಕ್ಕೆ ಇನ್ನಷ್ಟು ಕೂಡಿಸಿದ ಮೇಲೆ ಅರ್ಧಕ್ಕಿಂತ ಕಡಿಮೆ ಬರಬಹುದಾ ಅಂತ ಮಕ್ಕಳ ಮುಂದೆ ಇಟ್ಟರೆ ಏನಾಗುತ್ತದೆ?” ಎಂಬುದು ಎರಡನೆಯದು. ನಾನು ಅದರ ಕೆಳಗೆ “ಎರಡನ್ನೂ ಸೋಮವಾರ ಪ್ರಯತ್ನಿಸಿ ನೋಡಿ” ಎಂದಷ್ಟೇ ಬರೆದೆ.

ಮುಂದಿನ ವಾರದ ಪುಟದಲ್ಲಿ ಒಬ್ಬ ಹುಡುಗನ ಮಾತಿತ್ತು: “ಗುಣಾಕಾರದಾಗ ಮ್ಯಾಲಿಂದಕ್ಕ ಮ್ಯಾಲಿಂದು, ಕೆಳಗಿಂದಕ್ಕ ಕೆಳಗಿಂದು ಮಾಡ್ತೀವಲ್ರೀ ಟೀಚರ್, ಇದಕ್ಕೂ ಹಂಗ ಅಲ್ಲೇನ್ರೀ?” ಆ ಏಳು ಮಂದಿ ಗಮನ ಕೊಡದೆ ಕುಳಿತವರಲ್ಲ. ಒಂದು ಕಡೆ ಸರಿಯಾಗಿ ಕಲಿತ ನಿಯಮವನ್ನು ಸಲ್ಲದ ಕಡೆ ಬಳಸಿದ್ದರು. ಈ ಕಾರಣ ತಿಳಿದ ಮೇಲೆ ಪಾಠದ ದಾರಿಯೇ ಬೇರೆಯಾಯಿತು. ಸಮ ಉದ್ದದ ಎರಡು ಕಾಗದದ ಪಟ್ಟಿಗಳನ್ನು ಮಕ್ಕಳು ಆರಾರು ಸಮಭಾಗಗಳಾಗಿ ಮಡಚಿದರು. ಅರ್ಧವೆಂದರೆ ಮೂರು ಭಾಗ, ಮೂರನೇ ಒಂದೆಂದರೆ ಎರಡು ಭಾಗ, ಕೂಡಿದರೆ ಆರರಲ್ಲಿ ಐದು. ಅರ್ಧ ಮತ್ತು 2/5 ಇವುಗಳಲ್ಲಿ ಯಾವುದು ದೊಡ್ಡದು ಎಂಬುದನ್ನು ಹತ್ತು ಭಾಗದ ಪಟ್ಟಿಯಲ್ಲಿ ಅಳೆದು ನೋಡಿದರು.

ಪುಟದ ಕೊನೆಯಲ್ಲಿ ಆಕೆ ಬರೆದಿದ್ದ ವಾಕ್ಯ ಮುಖ್ಯವಾದದ್ದು: ಮರುದಿನದ ಕಿರುಪರೀಕ್ಷೆಯಲ್ಲೂ ಇಬ್ಬರು 2/5 ಮಾದರಿಯ ಉತ್ತರವನ್ನೇ ಬರೆದಿದ್ದಾರೆ, ಅವರೊಡನೆ ಪ್ರತ್ಯೇಕವಾಗಿ ಕುಳಿತುಕೊಳ್ಳಬೇಕು. ಮೊದಲ ವಾರದಲ್ಲಾಗಿದ್ದರೆ ಈ ವಾಕ್ಯ ಬರುತ್ತಿರಲಿಲ್ಲ. ಓದುವವರು ಮುಂದಿನ ಪ್ರಶ್ನೆ ಕೇಳಿಯೇ ಕೇಳುತ್ತಾರೆಂಬ ತಿಳಿವಳಿಕೆ ಅದನ್ನು ಬರೆಸಿತು. ಪ್ರಶ್ನೆ ಕೇಳಿದವರಿಗೂ ಲಾಭವಾಯಿತು. ಇನ್ನೊಂದು ಶಾಲೆಯಲ್ಲಿದ್ದ ಸಹಪಾಠಿ ಅದೇ ಲೆಕ್ಕವನ್ನು ತಮ್ಮ ತರಗತಿಯಲ್ಲಿ ಕೊಟ್ಟು, ತಮ್ಮ ಮಕ್ಕಳ ಉತ್ತರಗಳನ್ನು ಮುಂದಿನ ಶನಿವಾರ ತಂದರು.

ಅಂಕ ನೀಡುವ ಬಗೆ

ವಾರದ ಬರಹಗಳಿಗೆ ಅಂಕವಿಲ್ಲ, ಟಿಪ್ಪಣಿ ಮಾತ್ರ. ಇದಕ್ಕೆ ಸಂಶೋಧನೆಯ ಆಧಾರವಿದೆ. ರೂತ್ ಬಟ್ಲರ್ 1988ರಲ್ಲಿ ಪ್ರಕಟಿಸಿದ ಇಸ್ರೇಲಿನ ಶಾಲಾ ಮಕ್ಕಳ ಅಧ್ಯಯನದಲ್ಲಿ ಕೇವಲ ಟಿಪ್ಪಣಿ ಪಡೆದ ಮಕ್ಕಳು ಮುಂದಿನ ಕೆಲಸದಲ್ಲಿ ಸುಧಾರಿಸಿದರು. ಟಿಪ್ಪಣಿಯ ಜೊತೆಗೆ ಅಂಕವನ್ನೂ ಪಡೆದವರಲ್ಲಿ ಆ ಲಾಭ ಕಾಣಲಿಲ್ಲ. ಅಂಕ ಕಂಡೊಡನೆ ಕಣ್ಣು ಅದರ ಮೇಲೆಯೇ ನಿಲ್ಲುತ್ತದೆ ಎಂಬುದು ನಮ್ಮೆಲ್ಲರ ಅನುಭವವೂ ಹೌದು.

ಆದರೆ ಆಂತರಿಕ ಮೌಲ್ಯಮಾಪನಕ್ಕೆ ಅಂಕ ಬೇಕೇ ಬೇಕು. ಆದ್ದರಿಂದ ಕೊನೆಯಲ್ಲಿ ಪ್ರಶಿಕ್ಷಣಾರ್ಥಿಗಳು ತಮ್ಮ ಬರಹಗಳಿಂದ ಮೂರನ್ನು ತಾವೇ ಆರಿಸುತ್ತಾರೆ. ಅವು ಹೇಗೆ ಒಂದಕ್ಕೊಂದು ಸಂಬಂಧಿಸಿವೆ ಎಂದು ಒಂದು ಪುಟ ಬರೆಯುತ್ತಾರೆ. ಇವುಗಳಿಗೆ 20 ಅಂಕ. ಹಂಚಿಕೆ ಹೀಗಿದೆ:

ಘಟನೆಯ ಖಚಿತ ವಿವರ, ಮಕ್ಕಳ ಮಾತು ಅಥವಾ ಬರಹದ ಉಲ್ಲೇಖ: 5
ಒಂದಕ್ಕಿಂತ ಹೆಚ್ಚು ಕಾರಣಗಳನ್ನು ಪರಿಶೀಲಿಸಿರುವುದು: 5
ಮುಂದಿನ ಪಾಠದಲ್ಲಿ ಮಾಡಿದ ಬದಲಾವಣೆ ಮತ್ತು ಅದರ ಪರಿಣಾಮದ ವರದಿ: 6
ಸಹಪಾಠಿಗಳ ಬರಹಕ್ಕೆ ಕೇಳಿದ ಪ್ರಶ್ನೆಗಳ ಗುಣಮಟ್ಟ: 4

ಯಾವುದಕ್ಕೆ ಅಂಕವಿಲ್ಲ ಎಂಬುದನ್ನೂ ಮೊದಲ ದಿನವೇ ಬರೆದು ಕೊಡುತ್ತೇನೆ: ಪುಟಗಳ ಸಂಖ್ಯೆ, ಅಕ್ಷರದ ಅಂದ, ಭಾಷೆಯ ಸೊಗಸು, ಆತ್ಮನಿಂದೆ, ಪಾಠದ ಯಶಸ್ಸು. ಕೊನೆಯದನ್ನು ಒತ್ತಿ ಹೇಳಬೇಕು. ಬದಲಾವಣೆ ಫಲ ಕೊಡದಿದ್ದರೂ ಅದನ್ನು ಸರಿಯಾಗಿ ವರದಿ ಮಾಡಿದವರಿಗೆ ಪೂರ್ಣ ಅಂಕ ಸಿಗುತ್ತದೆ.

ಬದಲಾವಣೆಗೆ ಅಂಕವಿದ್ದರೆ ಇಲ್ಲದ ಬದಲಾವಣೆಯನ್ನು ಕಲ್ಪಿಸಿ ಬರೆಯುವುದಿಲ್ಲವೇ ಎಂದು ಸಹೋದ್ಯೋಗಿಗಳು ಕೇಳಿದ್ದುಂಟು. ಅದಕ್ಕಾಗಿ ಮೂರನೆಯ ಅಂಶಕ್ಕೆ ಆಧಾರ ಲಗತ್ತಿಸಬೇಕು: ಬದಲಾದ ಪಾಠ ಯೋಜನೆ, ಮಕ್ಕಳ ಬರಹದ ಒಂದೆರಡು ಪ್ರತಿ, ಸಾಧ್ಯವಾದರೆ ಮಾರ್ಗದರ್ಶಕ ಶಿಕ್ಷಕರ ವೀಕ್ಷಣೆಯ ಒಂದು ಸಾಲು. ಕಲ್ಪಿಸಿ ಬರೆಯುವುದಕ್ಕಿಂತ ಪಾಠ ಮಾಡುವುದೇ ಸುಲಭ ಎಂಬ ಸ್ಥಿತಿ ಇದರಿಂದ ಉಂಟಾಗುತ್ತದೆ.

ಅಂಕದಲ್ಲಿ ಏಕರೂಪತೆ ತರಲು ಇನ್ನೊಬ್ಬ ಉಪನ್ಯಾಸಕರೊಡನೆ ಮೂರು ಬರಹಗಳನ್ನು ಪ್ರತ್ಯೇಕವಾಗಿ ಓದಿ ಹೋಲಿಸುವುದು ಒಳ್ಳೆಯದು. ನಾವು ಹೀಗೆ ಮಾಡಿದಾಗ ಎರಡರಲ್ಲಿ ಅಂಕ ಹತ್ತಿರವಿತ್ತು, ಒಂದರಲ್ಲಿ ದೂರವಿತ್ತು. ದೂರವಿದ್ದ ಬರಹದಲ್ಲಿ ಸುಂದರ ವಾಕ್ಯಗಳಿದ್ದವು, ಆದರೆ ಮಗುವಿನ ಒಂದು ಮಾತೂ ಇರಲಿಲ್ಲ. ಮಾನದಂಡವನ್ನು ಮಾತಾಡಿ ಸ್ಪಷ್ಟಪಡಿಸಿಕೊಳ್ಳಲು ಅಂಥ ಒಂದು ಬರಹ ಸಾಕು.

ಹಂಚಿ ಓದುವಾಗ ಇರಬೇಕಾದ ಎಚ್ಚರ

ಬರಹ ನಾಲ್ವರ ಕೈ ಸೇರುತ್ತದೆ ಎಂದ ಮೇಲೆ ಹೊಣೆಯೂ ಹೆಚ್ಚುತ್ತದೆ. ಮಕ್ಕಳ ಹೆಸರು, ಜಾತಿ, ಮನೆಯ ಸ್ಥಿತಿ ಗುರುತಾಗುವಂತೆ ಬರೆಯಬಾರದು. ಮಕ್ಕಳ ಬರಹದ ಪ್ರತಿ ಲಗತ್ತಿಸುವಾಗ ಹೆಸರನ್ನು ಮುಚ್ಚಿರಬೇಕು. ಮಾರ್ಗದರ್ಶಕ ಶಿಕ್ಷಕರ ಬಗ್ಗೆ ಬರೆಯುವಾಗ ಕಂಡದ್ದನ್ನು ಬರೆಯಬೇಕು, ತೀರ್ಪನ್ನಲ್ಲ. ಶಾಲೆ ನಮಗೆ ಜಾಗ ಕೊಟ್ಟಿದೆ, ಅವರ ಕೆಲಸವನ್ನು ಹಗುರವಾಗಿ ಕಾಣುವ ಹಕ್ಕು ನಮಗಿಲ್ಲ.

ಆದರೆ ಈ ಸೌಜನ್ಯಕ್ಕೆ ಒಂದು ಗಡಿಯಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ದೈಹಿಕ ಶಿಕ್ಷೆ ಮತ್ತು ಮಾನಸಿಕ ಹಿಂಸೆಯನ್ನು ನಿಷೇಧಿಸುತ್ತದೆ. ಮಗುವಿಗೆ ಹೊಡೆದದ್ದನ್ನೋ ಅವಮಾನಿಸಿದ್ದನ್ನೋ ಕಂಡರೆ ಅದು ಶನಿವಾರದ ಹಾಳೆಗೆ ಕಾಯುವ ವಿಷಯವಲ್ಲ, ಅಂಕದ ವಿಷಯವಂತೂ ಅಲ್ಲವೇ ಅಲ್ಲ. ಅಂದೇ ಮೇಲ್ವಿಚಾರಕ ಉಪನ್ಯಾಸಕರಿಗೆ ನೇರವಾಗಿ ತಿಳಿಸಬೇಕು. ಪ್ರಶಿಕ್ಷಣಾರ್ಥಿಯ ಅಂಕವೂ ಆ ಶಾಲೆಯ ಸಹಕಾರವನ್ನೇ ಅವಲಂಬಿಸಿರುವುದರಿಂದ ಬಾಯಿ ಕಟ್ಟಿದಂತಾಗುವುದು ಸಹಜ. ಹಾಗಾಗಿ ಶಾಲೆಯೊಡನೆ ಮಾತನಾಡುವ ಹೊಣೆ ಕಾಲೇಜಿನದು ಎಂಬ ಭರವಸೆಯನ್ನು ಇಂಟರ್ನ್‌ಶಿಪ್‌ಗೆ ಕಳುಹಿಸುವ ಮೊದಲೇ ಕೊಡಬೇಕು.

ಹಂಚಿಕೊಳ್ಳಲಾಗದ ವೈಯಕ್ತಿಕ ವಿಷಯಗಳೂ ಇರುತ್ತವೆ. ಅದಕ್ಕಾಗಿ ‘ಮಡಚಿದ ಹಾಳೆ’ ಎಂಬ ಏರ್ಪಾಡು ಇದೆ. ಮಡಚಿ ಪಿನ್ ಹಾಕಿದ ಹಾಳೆಯನ್ನು ಸಹಪಾಠಿಗಳು ತೆರೆಯುವುದಿಲ್ಲ. ಮೇಲೆ ನನ್ನ ಹೆಸರಿದ್ದರೆ ನಾನು ಓದುತ್ತೇನೆ, ಇಲ್ಲದಿದ್ದರೆ ನಾನೂ ಓದುವುದಿಲ್ಲ. ವಾರದ ಲೆಕ್ಕಕ್ಕೆ ಅದು ಸೇರುತ್ತದೆ. ಇದನ್ನು ಬಳಸಿದವರು ಕಡಿಮೆ, ಆದರೆ ಆ ಬಾಗಿಲು ಇದೆ ಎಂಬ ಧೈರ್ಯ ಉಳಿದ ಪುಟಗಳಲ್ಲೂ ಕಾಣಿಸಿತು.

ಬರಹದ ಭಾಷೆ

ಧಾರವಾಡ ಸೀಮೆಯಿಂದ ಬಂದ ನಮ್ಮ ಅನೇಕ ಪ್ರಶಿಕ್ಷಣಾರ್ಥಿಗಳಿಗೆ ಗ್ರಾಂಥಿಕ ಕನ್ನಡದಲ್ಲಿ ಮನಸ್ಸಿನ ಮಾತು ಬರೆಯುವುದು ಸಲೀಸಲ್ಲ. ಒಬ್ಬರ ಮೊದಲ ಮೂರು ಬರಹಗಳು ಎರಡೆರಡು ವಾಕ್ಯಗಳಲ್ಲೇ ಮುಗಿದಿದ್ದವು. ಮಾತಾಡುವ ಹಾಗೆಯೇ ಬರೆಯಬಹುದೆಂದು ಹೇಳಿದ ಮೇಲೆ ನಾಲ್ಕನೆಯ ವಾರ ಹೀಗೆ ಬರೆದರು: “ಹುಡುಗ್ರು ಸುಮ್ನ ಕುಂತಿದ್ರು, ತಿಳೀತು ಅಂತ ತಿಳ್ಕೊಂಡೆ. ಪಿರಿಯಡ್ ಮುಗಿಸಿ ಹೊರಗ ಬಂದಾಗ ಒಬ್ಬಾಕಿ ಹಿಂದ ಬಂದು, ಟೀಚರ್ ಛೇದ ಅಂದ್ರ ಏನ್ರೀ ಅಂದ್ಲು. ನಲವತ್ತು ನಿಮಿಷ ನಾ ಅದೇ ಶಬ್ದ ಹೇಳೀನಿ.” ಮೂರೇ ಮೂರು ಸಾಲಿನಲ್ಲಿ ಮೌನ ಬೇರೆ, ಅರ್ಥವಾಗುವುದು ಬೇರೆ ಎಂಬ ದೊಡ್ಡ ಪಾಠವಿದೆ. ಆ ವಾರ ಅತಿ ಹೆಚ್ಚು ಅಡಿಗೆರೆ ಬಿದ್ದದ್ದು ಈ ಪುಟಕ್ಕೆ.

ಪಾಠ ಯೋಜನೆಗೆ ಶಿಷ್ಟ ಕನ್ನಡ ಬೇಕು, ನಿಜ. ವಾರದ ಬರಹದಲ್ಲಿ ಆಡುಮಾತಿಗೆ ಅವಕಾಶ ಕೊಟ್ಟು, ಕೊನೆಯ ಒಂದು ಪುಟವನ್ನು ಶಿಷ್ಟ ರೂಪದಲ್ಲಿ ಬರೆಸಿದರೆ ಎರಡಕ್ಕೂ ನ್ಯಾಯ ಸಲ್ಲುತ್ತದೆ.

ಮಿತಿಗಳು

ಇದಕ್ಕೆ ಸಮಯ ಬೇಕು. ಪ್ರತಿ ವಾರ ಎಲ್ಲರ ಬರಹವನ್ನೂ ಓದಲು ನನ್ನಿಂದಾಗುವುದಿಲ್ಲ. ವಾರಕ್ಕೆ ಮೂರನೇ ಒಂದು ಭಾಗದಂತೆ ಸರದಿಯಲ್ಲಿ ಓದುತ್ತೇನೆ. ಸಹಪಾಠಿಗಳ ಪ್ರಶ್ನೆಗಳು ಉಳಿದ ವಾರಗಳನ್ನು ನಡೆಸುತ್ತವೆ. ದೂರದ ಊರುಗಳ ಶಾಲೆಗೆ ಹೋದವರಿಗೆ ಶನಿವಾರದ ಭೇಟಿ ಕಷ್ಟ. ಅಂಥ ಗುಂಪು ಹದಿನೈದು ದಿನಕ್ಕೊಮ್ಮೆ ಸೇರಿತು. ಹ್ಯಾಟನ್ ಮತ್ತು ಸ್ಮಿತ್ ಹೇಳುವ ನಾಲ್ಕನೆಯ ಬಗೆಗೆ, ಅಂದರೆ ಯಾವ ಮಕ್ಕಳು ಹಿಂದಿನ ಬೆಂಚಿನಲ್ಲಿ ಏಕೆ ಕೂರುತ್ತಾರೆ ಎಂಬಂಥ ಪ್ರಶ್ನೆಗಳಿಗೆ, ಕೆಲವೇ ಬರಹಗಳು ತಲುಪಿದವು. ಅದಕ್ಕೆ ದಿನಚರಿಯೊಂದೇ ಸಾಲದು, ಶಿಕ್ಷಣದ ಸಾಮಾಜಿಕ ಹಿನ್ನೆಲೆಯನ್ನು ಕಲಿಸುವ ಪತ್ರಿಕೆಗಳೊಡನೆ ಅದನ್ನು ಜೋಡಿಸಬೇಕು.

ಪ್ರಶಿಕ್ಷಣಾರ್ಥಿಗಳಿಗೆ ಐದು ಪ್ರಶ್ನೆಗಳು

ಬರೆಯಲು ಕುಳಿತಾಗ ಏನು ಬರೆಯಲಿ ಎಂದು ತೋಚದಿದ್ದರೆ ಈ ಪ್ರಶ್ನೆಗಳನ್ನು ಎದುರಿಗಿಟ್ಟುಕೊಳ್ಳಿ. ಎಲ್ಲಕ್ಕೂ ಉತ್ತರಿಸಬೇಕಿಲ್ಲ. ಆರು ಹಂತಗಳ ಗಿಬ್ಸ್ ಚಕ್ರವನ್ನೂ ನಮೂನೆಯಂತೆ ಭರ್ತಿ ಮಾಡಿದರೆ ಅದು ಮತ್ತೊಂದು ದಾಖಲೆಯಾಗಿ ಉಳಿಯುತ್ತದೆ.

1. ಈ ವಾರ ಯಾವ ಮಗುವಿನ ಯಾವ ಮಾತು ನಿಮಗೆ ಅನಿರೀಕ್ಷಿತವಾಗಿತ್ತು?
2. ಆ ಮಗುವಿನ ದೃಷ್ಟಿಯಲ್ಲಿ ಆ ಮಾತು ಹೇಗೆ ಸರಿ?
3. ನೀವು ಊಹಿಸಿದ ಕಾರಣವಲ್ಲದೆ ಬೇರೆ ಕಾರಣ ಇರಬಹುದೇ?
4. ಮುಂದಿನ ಪಾಠದಲ್ಲಿ ಯಾವ ಒಂದನ್ನು ಬದಲಿಸುತ್ತೀರಿ?
5. ಬದಲಾವಣೆ ಫಲಿಸಿತೆಂದು ಯಾವುದನ್ನು ನೋಡಿ ತಿಳಿಯುತ್ತೀರಿ?

ಉಪಸಂಹಾರ

ಶಿಕ್ಷಕ ವೃತ್ತಿಯಲ್ಲಿ ಒಮ್ಮೆ ತರಗತಿಯ ಬಾಗಿಲು ಹಾಕಿಕೊಂಡರೆ ನಮ್ಮ ಪಾಠವನ್ನು ನೋಡುವ ಇನ್ನೊಬ್ಬ ಶಿಕ್ಷಕರು ಸಿಗುವುದು ಅಪರೂಪ. ತನ್ನ ತರಗತಿಯ ತೊಡಕನ್ನು ಜೊತೆಯವರ ಮುಂದಿಟ್ಟು, ಅವರ ಪ್ರಶ್ನೆಯನ್ನು ಮರುದಿನದ ಪಾಠಕ್ಕೆ ಒಯ್ಯುವ ಅಭ್ಯಾಸವನ್ನು ಪ್ರಶಿಕ್ಷಣದ ಕಾಲದಲ್ಲೇ ಬೆಳೆಸಬೇಕಿದೆ. ಮುಂದಿನ ಇಂಟರ್ನ್‌ಶಿಪ್‌ನಲ್ಲಿ ಇದನ್ನು ಪ್ರಯತ್ನಿಸಲು ಇಚ್ಛಿಸುವ ಸಹೋದ್ಯೋಗಿಗಳು ಇಡೀ ತಂಡದೊಂದಿಗೆ ಆರಂಭಿಸಬೇಕಾಗಿಲ್ಲ. ನಾಲ್ವರ ಒಂದು ಗುಂಪು, ಎಡಭಾಗ ಖಾಲಿ ಬಿಟ್ಟ ಹಾಳೆಗಳು, ವಾರಕ್ಕೊಂದು ಗಂಟೆ ಇಷ್ಟಿದ್ದರೆ ಆರಂಭಿಸಬಹುದು. ಮಾನದಂಡಗಳನ್ನು ಮಾತ್ರ ಮೊದಲ ದಿನವೇ ಅವರ ಕೈಗೆ ಕೊಡಿ.